ಲೂಯಿಸ್ ದ್ವೀಪದ ಉಜ್ಜೀವನ ಕಥನಗಳಲ್ಲಿ ಸ್ಥಾಯಿಯೂ ಸಂಚಾರಿಯೂ

ಸ್ಕಾಟ್ಲೆಂಡಿನ ವಾಯವ್ಯ ದಿಕ್ಕಿನಲ್ಲಿ, ಅಟ್ಲಾಂಟಿಕ್ ಸಾಗರದ ಅಂಚಿಗೆ ಹರಡಿರುವ ಹೊರ ಹೆಬ್ರಿಡೀಸ್ ದ್ವೀಪಸಮೂಹದ ಉತ್ತರ ಭಾಗವೇ ಲೂಯಿಸ್. ಮರಗಿಡಗಳು ವಿರಳವಾದ ಜೌಗುನೆಲ, ಕಡಲಂಚಿನುದ್ದಕ್ಕೂ ಸಣ್ಣ ಹಿಡುವಳಿಗಳ ಹಳ್ಳಿಗಳು, ಸ್ಟಾರ್ನೊವೇ ಎಂಬ ಒಂದೇ ಪಟ್ಟಣ, ತಲತಲಾಂತರದಿಂದ ಬಂದ ಗೇಲಿಕ್ ಭಾಷೆ, ಇವು ಆ ನಾಡಿನ ಲಕ್ಷಣಗಳು. ಮಂದವಾಗಿದ್ದ ಭಕ್ತಿಯು ಒಂದು ಸಮುದಾಯದಲ್ಲಿ ಒಮ್ಮೆಗೇ ಎಚ್ಚತ್ತು ಮನೆಯಿಂದ ಮನೆಗೆ ಹರಡುವುದನ್ನು ಕ್ರೈಸ್ತರು ಉಜ್ಜೀವನವೆಂದು ಕರೆಯುತ್ತಾರೆ. 1949ರಿಂದ 1952ರವರೆಗೆ ಈ ದ್ವೀಪದಲ್ಲಿ ಅಂಥದೊಂದು ಉಜ್ಜೀವನವು ನಡೆಯಿತು. ಅದನ್ನು ಕುರಿತು ಹುಟ್ಟಿದ ಬರಹಗಳಲ್ಲಿ ಮೂರು ವಿಶೇಷವಾಗಿ ವಿಚಾರಾರ್ಹವಾದುವು: ಉಜ್ಜೀವನದ ಮುಖ್ಯ ಬೋಧಕರಾದ ಡಂಕನ್ ಕ್ಯಾಂಬೆಲ್ ಅವರು 1954ರಲ್ಲಿ ಪ್ರಕಟಿಸಿದ ‘ದಿ ಲೂಯಿಸ್ ಅವೇಕನಿಂಗ್’, ಅವರನ್ನು ವಿರೋಧಿಸಿದ ಸ್ಟಾರ್ನೊವೇ ಪಟ್ಟಣದ ಸಭಾಪಾಲಕ ಕೆನೆತ್ ಮಕ್ರೇ ಅವರ, 1980ರಲ್ಲಿ ಅಚ್ಚಾದ ದಿನಚರಿ, ಕಾಲಿನ್ ಮತ್ತು ಮೇರಿ ಪೆಕಮ್ ದಂಪತಿಗಳು 2004ರಲ್ಲಿ ಹೊರತಂದ ಸಾಕ್ಷ್ಯಸಂಗ್ರಹ ‘ಸೌಂಡ್ಸ್ ಫ್ರಮ್ ಹೆವನ್’.

ಆ ದ್ವೀಪದ ಮೇಲೆ ದೈವಕೃಪೆ ಇಳಿಯಿತೋ ಇಲ್ಲವೋ ಎಂಬುದು ಸಾಹಿತ್ಯವಿಮರ್ಶೆಯು ನಿರ್ಣಯಿಸತಕ್ಕ ವಿಷಯವಲ್ಲ. ನಡೆದುದನ್ನು ಹೇಳುವ ಬರಹವು ಯಾವುದನ್ನು ಮುಂದಿರಿಸಿತು, ಯಾವುದನ್ನು ಮರೆಮಾಡಿತು, ಮರೆಯಾದುದು ಕಥೆಯ ಅಂಗವೋ ಅಥವಾ ಜೀವವೋ ಎಂಬುದು ಮಾತ್ರ ಅದರ ಅಧಿಕಾರಕ್ಕೆ ಸೇರಿದ್ದು. ಈ ದೃಷ್ಟಿಯಿಂದ ಪರಿಶೀಲಿಸಿದರೆ, ಲೋಕಪ್ರಸಿದ್ಧವಾದ ಕಥನವು ಸಂಚಾರಿಯನ್ನೇ ವಿಸ್ತರಿಸಿ ಸ್ಥಾಯಿಯನ್ನು ಮರೆಸಿತೆಂಬುದು ಸ್ಪಷ್ಟವಾಗುತ್ತದೆ.

ಕ್ಯಾಂಬೆಲ್ ಅವರು ಬರಹದಲ್ಲಿಯೂ, ಮುಂದಿನ ವರ್ಷಗಳ ಪ್ರಸಂಗಗಳಲ್ಲಿಯೂ ಹೇಳಿದ ಕಥೆಯ ಹಂದರವು ಸರಳವಾದುದು. ಬಾರ್ವಸ್ ಎಂಬ ಹಳ್ಳಿಯಲ್ಲಿ ಎಂಬತ್ತನ್ನು ದಾಟಿದ ಇಬ್ಬರು ಅಕ್ಕತಂಗಿಯರು. ಒಬ್ಬಾಕೆ ಕುರುಡಿ, ಇನ್ನೊಬ್ಬಾಕೆಯ ಬೆನ್ನು ಸಂಧಿವಾತದಿಂದ ಬಾಗಿದೆ. ದೇವಾಲಯಕ್ಕೆ ಹೋಗಲಾರದ ಈ ಇಬ್ಬರು, ಬಾಯಾರಿದ ನೆಲಕ್ಕೆ ನೀರೆರೆಯುವ ಯೆಶಾಯ ಪ್ರವಾದಿಯ ವಾಗ್ದಾನವನ್ನೇ ಹಿಡಿದು ಗುಡಿಸಲಿನಲ್ಲಿ ರಾತ್ರಿಗಳನ್ನು ಪ್ರಾರ್ಥನೆಯಲ್ಲಿ ಕಳೆಯುತ್ತಾರೆ. ಅದೇ ಕಾಲದಲ್ಲಿ ಊರಿನ ಕೆಲವರು ಒಂದು ಕಣಜದಲ್ಲಿ ಸೇರಿ ಪ್ರಾರ್ಥಿಸುತ್ತಿರಲು, 24ನೆಯ ಕೀರ್ತನೆಯ ಓದು ಅವರ ಅಂತಃಕರಣವನ್ನು ಕಲಕುತ್ತದೆ. ಊರಿನ ಸಭಾಪಾಲಕರಾದ ಜೇಮ್ಸ್ ಮರೆ ಮಕಾಯ್ ಅವರ ಆಹ್ವಾನದಂತೆ 1949ರ ಡಿಸೆಂಬರಿನಲ್ಲಿ ಬೋಧಕರು ಬರುತ್ತಾರೆ. ಆರಾಧನೆ ಮುಗಿದರೂ ಜನರು ಚದರುವುದಿಲ್ಲ. ರಾತ್ರಿಯಲ್ಲಿ ನೂರಾರು ಮಂದಿ ಕರೆಯದೆ ಬಂದು ನೆರೆಯುತ್ತಾರೆ. ಆರ್ನಲ್ ಎಂಬ ಹಳ್ಳಿಯಲ್ಲಿ ಒಬ್ಬನು ಪ್ರಾರ್ಥಿಸುವಾಗ ಮನೆಯೇ ನಡುಗಿತೆಂದು ಕ್ಯಾಂಬೆಲ್ ಅವರು ಹೇಳುತ್ತಾರೆ. ಕೆಲವು ದಿನಗಳಿಗೆಂದು ಬಂದ ಬೋಧಕರು ಮೂರು ವರ್ಷಗಳ ಕಾಲ ಮತ್ತೆ ಮತ್ತೆ ದ್ವೀಪಕ್ಕೆ ಬರಬೇಕಾಗುತ್ತದೆ.

ಕಥನದ ಗುಣಗಳು ಅಲ್ಪವಾದುವಲ್ಲ. ವಾಕ್ಯಗಳು ಚಿಕ್ಕವು, ದೃಶ್ಯಗಳು ಕಣ್ಣಿಗೆ ಕಟ್ಟುತ್ತವೆ, ಬಡಗುಡಿಸಲು, ಹುಲ್ಲು ತುಂಬಿದ ಕಣಜ, ಇರುಳಿನ ದಾರಿ ಇವೆಲ್ಲವೂ ಸ್ಥಳೋಚಿತವಾಗಿವೆ. ಕೇಳುವವರ ಮುಂದೆ ನಿಂತು ಹೇಳಿ ಹೇಳಿ ಮಸೆದ ಕಥೆಯ ಚುರುಕು ಅದಕ್ಕುಂಟು. ಅಕ್ಕತಂಗಿಯರ ಚಿತ್ರಣದಲ್ಲಿ ಕರುಣವೂ ಗಾಂಭೀರ್ಯವೂ ಸಮವಾಗಿ ಬೆರೆತಿವೆ. ಆದರೆ ಈ ಚುರುಕಿನಿಂದಲೇ ದೋಷವೂ ಹುಟ್ಟಿದೆ. ಬರಗಾಲವಿತ್ತು, ಮೊರೆಯಿಟ್ಟರು, ಬೋಧಕನು ಬಂದನು, ಮಳೆ ಸುರಿಯಿತು ಎಂಬ ನಾಲ್ಕು ಹೆಜ್ಜೆಗಳಲ್ಲಿ ಕಥೆಯು ಮುಗಿಯುತ್ತದೆ. ತಾನು ಲೂಯಿಸಿಗೆ ಉಜ್ಜೀವನವನ್ನು ತಂದವನಲ್ಲ, ತಾನು ಬರುವ ಮೊದಲೇ ಅದು ಮೊಳೆತಿತ್ತು ಎಂದು ಕ್ಯಾಂಬೆಲ್ ಅವರೇ ಹೇಳಿದ್ದುಂಟು. ಈ ವಿನಯವು ನಿಜವಾದುದೇ ಆಗಿರಬಹುದು. ಆದರೂ ಕಥೆಯ ರಚನೆಯು ಆ ಮಾತನ್ನು ಅಲ್ಲಗಳೆಯುತ್ತದೆ. ಪ್ರತಿಯೊಂದು ಘಟನೆಯೂ ಬೋಧಕನ ಆಗಮನದ ಕಡೆಗೆ ಓಡುತ್ತದೆ, ಇಲ್ಲವೇ ಅಲ್ಲಿಂದ ಹೊರಡುತ್ತದೆ.

ಭರತನ ರಸಸೂತ್ರದ ಪರಿಭಾಷೆಯು ಇಲ್ಲಿ ಪ್ರಯೋಜನಕ್ಕೆ ಬರುತ್ತದೆ. ವಿಭಾವ, ಅನುಭಾವ, ವ್ಯಭಿಚಾರಿಗಳ ಸಂಯೋಗದಿಂದ ರಸನಿಷ್ಪತ್ತಿಯೆಂಬುದು ಸೂತ್ರ. ಅವುಗಳಿಂದ ಪುಷ್ಟವಾಗುವುದು ಮನಸ್ಸಿನಲ್ಲಿ ನೆಲೆನಿಂತ ಸ್ಥಾಯಿಭಾವವೆಂಬುದು ವ್ಯಾಖ್ಯಾನಕಾರರ ಸಮ್ಮತವಾದ ಮಾತು. ಕ್ಯಾಂಬೆಲ್ ಅವರ ಕಥನದಲ್ಲಿ ಸಾತ್ವಿಕಭಾವಗಳು ಧಾರಾಳವಾಗಿವೆ: ಅಶ್ರುವಿದೆ, ವೇಪಥುವಿದೆ, ಎಚ್ಚರತಪ್ಪಿ ಬೀಳುವ ಪ್ರಲಯವೂ ಇದೆ. ಭಯ, ವಿಷಾದ, ಹರ್ಷಗಳು ಅಲೆಯಲೆಯಾಗಿ ಬಂದುಹೋಗುತ್ತವೆ. ಬೋಧಕನ ವಾಣಿಯು ಉದ್ದೀಪನ ವಿಭಾವ. ಇವೆಲ್ಲವೂ ಯಾವ ಸ್ಥಾಯಿಯ ಮೇಲೆ ಏರಿದುವು ಎಂಬ ಪ್ರಶ್ನೆಗೆ ಮಾತ್ರ ಕಥನದಲ್ಲಿ ಉತ್ತರ ದೊರೆಯುವುದಿಲ್ಲ. ದೂರದ ನಾಡಿನ ಓದುಗನಿಗೆ, ಒಣಗಿದ ನೆಲದಲ್ಲಿ ಒಂದು ರಾತ್ರಿ ಬೆಂಕಿ ಬಿದ್ದಂತೆ ತೋರುತ್ತದೆ.

ಆ ನೆಲವು ಒಣಗಿದ ನೆಲವಾಗಿರಲಿಲ್ಲವೆಂಬುದಕ್ಕೆ ದ್ವೀಪದ ಇತಿಹಾಸವೇ ಪ್ರಮಾಣ. ಗೇಲಿಕ್ ಭಾಷೆಯಲ್ಲಿ ಹೊಸ ಒಡಂಬಡಿಕೆಯು 1767ರಲ್ಲಿಯೂ ಸಂಪೂರ್ಣ ಸತ್ಯವೇದವು 1801ರಲ್ಲಿಯೂ ಹೊರಬಂದುವು. ಅದನ್ನು ಓದಲು ಕಲಿಸುವುದಕ್ಕೆಂದೇ 1811ರಲ್ಲಿ ಎಡಿನ್‌ಬರೋದಲ್ಲಿ ಗೇಲಿಕ್ ಶಾಲೆಗಳ ಸಂಘವು ಸ್ಥಾಪಿತವಾಯಿತು. ಅದರ ಶಾಲೆಗಳಲ್ಲಿ ಮಕ್ಕಳ ಜೊತೆಗೆ ದೊಡ್ಡವರೂ ಅಕ್ಷರ ಕಲಿತರು. 1824ರಲ್ಲಿ ಲೂಯಿಸಿನ ಊಯಿಗ್ ಎಂಬ ಕಡೆಗೆ ಅಲೆಗ್ಸಾಂಡರ್ ಮಕ್ಲೌಡ್ ಅವರು ಸಭಾಪಾಲಕರಾಗಿ ಬಂದ ಮೇಲೆ ದ್ವೀಪದ ಮೊದಲ ಮಹಾ ಉಜ್ಜೀವನವು ನಡೆಯಿತು. 1843ರ ಒಡಕಿನಲ್ಲಿ ದ್ವೀಪದ ಬಹುಪಾಲು ಜನರು ಫ್ರೀ ಚರ್ಚ್ ಎಂಬ ಪಂಗಡವನ್ನು ಸೇರಿದರು. 1930ರ ದಶಕದಲ್ಲಿ ಮತ್ತೊಂದು ಉಜ್ಜೀವನವು ಕಾಣಿಸಿಕೊಂಡಿತು. ಹೀಗಿರಲು 1949ರ ಸಂಗತಿಯು ಒಂದು ದೀರ್ಘ ಪರಂಪರೆಯ ಉತ್ಕರ್ಷವೇ ಹೊರತು ಆಕಸ್ಮಿಕವಲ್ಲ.

ಈ ಪರಂಪರೆಯು ಉಳಿದುಬಂದದ್ದು ದೊಡ್ಡ ಸಭೆಗಳಿಂದಲ್ಲ, ದಿನದಿನದ ಅಭ್ಯಾಸಗಳಿಂದ. ಬೆಳಗ್ಗೆ ಸಂಜೆ ಮನೆಯ ಯಜಮಾನನು ಗ್ರಂಥವನ್ನು ತೆರೆದು ಒಂದು ಕೀರ್ತನೆ, ಒಂದು ಅಧ್ಯಾಯ, ಒಂದು ಪ್ರಾರ್ಥನೆಯನ್ನು ನಡೆಸುವುದು ಮನೆಗಳಲ್ಲಿ ರೂಢವಾಗಿತ್ತು. ಸಂಸ್ಕಾರಭೋಜನದ ಕಾಲವು ಗುರುವಾರದಿಂದ ಸೋಮವಾರದವರೆಗೆ ಐದು ದಿನಗಳ ವ್ರತ. ಬೇರೆ ಊರುಗಳಿಂದ ಬಂದವರಿಗೆ ಮನೆಮನೆಯಲ್ಲಿ ಊಟ, ಹಾಸಿಗೆ. ಅದರಲ್ಲಿ ಶುಕ್ರವಾರಕ್ಕೆ ಪ್ರಶ್ನೆಯ ದಿನವೆಂದು ಹೆಸರು. ಅಂದು ಸಭೆಯಿಂದ ಒಬ್ಬನು ಎದ್ದು ಒಂದು ವೇದವಾಕ್ಯವನ್ನು ಸೂಚಿಸಿ ನಿಜವಾದ ಭಕ್ತನ ಗುರುತುಗಳೇನೆಂದು ಕೇಳುವನು. ದೀಕ್ಷೆಯಿಲ್ಲದ ಅನುಭವಿಗಳು, ರೈತರು, ಮೀನುಗಾರರು, ಒಬ್ಬೊಬ್ಬರಾಗಿ ಉತ್ತರ ಕೊಡುವರು. ವೇದಿಕೆಯ ಮೇಲಿನ ಪಂಡಿತನು ಅಂದು ಮುಖ್ಯವಾಗಿ ಕೇಳುವವನು. ಬಾರ್ವಸಿನ ಅಕ್ಕತಂಗಿಯರ ಪ್ರಾರ್ಥನೆಯ ಭಾಷೆಯು ಈ ಶಾಲೆಯಲ್ಲಿ ಕಲಿತದ್ದು. ಯೆಶಾಯನ ವಾಕ್ಯವನ್ನು ದೇವರ ಮುಂದೆ ವಾಗ್ದಾನಪತ್ರದಂತೆ ಹಿಡಿಯುವ ಧೈರ್ಯವು ಇಬ್ಬರು ವೃದ್ಧೆಯರ ಒಂಟಿ ಸಾಹಸವಲ್ಲ. ಇಡೀ ಸಮುದಾಯವು ತಲೆಮಾರುಗಳಿಂದ ಬಳಸಿದ ವಾಗ್ರೂಢಿ.

ಸ್ಥಾಯಿಯ ಸ್ವರೂಪವು ಎಲ್ಲಕ್ಕಿಂತ ಸ್ಪಷ್ಟವಾಗುವುದು ಕೀರ್ತನಗಾನದಲ್ಲಿ. ಇಲ್ಲಿ ಕೀರ್ತನೆಯೆಂದರೆ ಸತ್ಯವೇದದ ದಾವೀದನ ಕೀರ್ತನೆ. ಆರ್ಗೈಲ್ ಪ್ರಾಂತದ ಧರ್ಮಮಂಡಲಿಯು ಅವುಗಳಲ್ಲಿ ಮೊದಲ ಐವತ್ತನ್ನು ಗೇಲಿಕ್ ಪದ್ಯಗಳಾಗಿ 1659ರಲ್ಲಿ ಪ್ರಕಟಿಸಿತು. ಸಮಗ್ರ ಸಂಪುಟವು 1694ರಲ್ಲಿ ಬಂದಿತು. ಹಾಡುವ ಕ್ರಮವು ವಿಲಕ್ಷಣವಾದುದು. ವಾದ್ಯವಿಲ್ಲ, ಸಭೆಯು ಕುಳಿತು ಹಾಡುತ್ತದೆ, ಪ್ರಾರ್ಥನೆಗೆ ಎದ್ದು ನಿಲ್ಲುತ್ತದೆ. ಮುಂದಾಳು ಒಂದು ಸಾಲನ್ನು ವೇಗವಾಗಿ ಎತ್ತಿಕೊಡುತ್ತಾನೆ. ಸಭೆಯು ಅದನ್ನು ನಿಧಾನವಾಗಿ ಎಳೆದು ಹಾಡುತ್ತದೆ. ರಾಗವೊಂದೇ, ಆದರೆ ಪ್ರತಿಯೊಬ್ಬನೂ ತನ್ನದೇ ಗಮಕಗಳನ್ನು ಹಾಕುತ್ತಾನೆ. ಒಬ್ಬನು ಸ್ವರವನ್ನು ಮುಟ್ಟುವ ಹೊತ್ತಿಗೆ ಇನ್ನೊಬ್ಬನು ಅದನ್ನು ಬಿಡುತ್ತಿರುತ್ತಾನೆ. ನೂರು ಕಂಠಗಳು ಒಂದಾಗದೆ, ಬೇರೆಯೂ ಆಗದೆ ಸಾಗುತ್ತವೆ. ಓದಲು ಬಾರದವರ ಅನುಕೂಲಕ್ಕಾಗಿ ಹದಿನೇಳನೆಯ ಶತಮಾನದಲ್ಲಿ ವಿಧಿಸಿದ ಈ ಪದ್ಧತಿಯು, ಇಂಗ್ಲಿಷ್ ಸಭೆಗಳು ಅದನ್ನು ಬಿಟ್ಟ ಮೇಲೆಯೂ, ಅಕ್ಷರಸ್ಥರಾದ ಗೇಲಿಕ್ ಜನರಲ್ಲಿ ನೆಲೆನಿಂತಿತು.

ಮುಂದಾಳಿಲ್ಲದೆ ಈ ಗಾನವು ಹೊರಡುವುದಿಲ್ಲ. ಆದರೆ ಗಾನವು ಮುಂದಾಳಿನದಲ್ಲ. ಅವನು ಎತ್ತಿಕೊಟ್ಟ ಸಾಲು ಸಭೆಗೆ ಮೊದಲೇ ಬಾಯಿಗೆ ಬಂದಿರುತ್ತದೆ. ಉಜ್ಜೀವನದಲ್ಲಿ ಬೋಧಕನ ಸ್ಥಾನವೂ ಇಂಥದೇ. ಆರ್ಗೈಲಿನಲ್ಲಿ 1898ರಲ್ಲಿ ಹುಟ್ಟಿ ಗೇಲಿಕ್ ಮನೆಮಾತಾಗಿ ಬೆಳೆದ ಕ್ಯಾಂಬೆಲ್ ಅವರು ಸಾಲನ್ನು ಎತ್ತಿಕೊಟ್ಟರು, ಹಾಡಿದ್ದು ದ್ವೀಪ. ಅವರ ಇಂಗ್ಲಿಷ್ ಕಥನದಲ್ಲಾದರೋ ಮುಂದಾಳಿನ ಧ್ವನಿಯೊಂದೇ ಕೇಳುತ್ತದೆ. ಸಭೆಯ ಗಮಕಗಳು ಅಳುವಾಗಿ, ಮೂರ್ಛೆಯಾಗಿ ಮಾತ್ರ ಉಳಿದಿವೆ.

ಭಾಷಾಂತರದ ಪ್ರಶ್ನೆಯೂ ಇದರೊಡನೆ ಕೂಡಿಕೊಂಡಿದೆ. ಮಾನಸಾಂತರಕ್ಕೆ ದ್ವೀಪದವರು ಬಳಸುವ ಮಾತು ‘ಕೂರಮ್’. ಅದರ ಮೂಲಾರ್ಥ ಚಿಂತೆ, ಕಾಳಜಿ, ಹೊಣೆ. ಒಬ್ಬನಿಗೆ ಕೂರಮ್ ಬಂತೆಂದರೆ ಅವನು ತನ್ನ ಆತ್ಮದ ಹೊಣೆಯನ್ನು ಹೊತ್ತನೆಂದು ಅರ್ಥ. ಅವನು ಹಳೆಯ ಹಾಡು ಕುಣಿತಗಳನ್ನು ಬಿಟ್ಟನೆಂಬ ಸೂಚನೆಯೂ, ನೆರೆಯವರ ಬಾಯಲ್ಲಿ ಕೆಲವೊಮ್ಮೆ ತುಸು ಪರಿಹಾಸವೂ ಅದರಲ್ಲಿ ಅಡಗಿರುತ್ತದೆ. ಆನಂದದ ಸ್ಫೋಟಕ್ಕಿಂತ ಬಾಳಿಡೀ ಹೊರಬೇಕಾದ ಭಾರವೇ ಅಲ್ಲಿ ಮುಖ್ಯ. ಇಂಗ್ಲಿಷ್ ಕಥನದಲ್ಲಿ ಈ ಭಾರವು ಇಳಿದು, ಒಂದು ರಾತ್ರಿಯ ವಿಜಯ ಮಾತ್ರ ಉಳಿದಿದೆ.

ಮಕ್ರೇ ಅವರ ದಿನಚರಿಯು ಇದಕ್ಕೆ ಎದುರುಬದುರಾದ ಗ್ರಂಥ. 1931ರಿಂದ ಸ್ಟಾರ್ನೊವೇಯ ಫ್ರೀ ಚರ್ಚ್ ಸಭೆಯನ್ನು ನಡೆಸಿದ ಅವರು ಕ್ಯಾಂಬೆಲ್ ಅವರನ್ನು ವಿರೋಧಿಸಿದವರಲ್ಲಿ ಅಗ್ರಗಣ್ಯರು. ರಕ್ಷಣೆಯು ದೇವರ ಆಯ್ಕೆಗೆ ಸೇರಿದ್ದೆಂಬ ಕ್ಯಾಲ್ವಿನ್ ಸಿದ್ಧಾಂತಕ್ಕೆ ಬದ್ಧರಾದ ಅವರಿಗೆ, ಮನುಷ್ಯನ ಸಂಕಲ್ಪಕ್ಕೆ ಹೆಚ್ಚು ಎಡೆಗೊಡುವ ಬೋಧನೆಯು ಒಪ್ಪಿತವಾಗಿರಲಿಲ್ಲ. ಎಚ್ಚರವನ್ನು ಕಾಯುವ, ಭಾವಾವೇಶವನ್ನು ಸಂಶಯಿಸುವ ಈ ಮನೋಧರ್ಮವೂ ದ್ವೀಪದ ಭಕ್ತಿಯದೇ ಒಂದು ಮುಖ. ಉಜ್ಜೀವನದ ಕಥೆಗಾರರು ವಿರೋಧವನ್ನು ಬರಿಯ ಅಡ್ಡಿಯೆಂದು ಚಿತ್ರಿಸುವುದರಿಂದ ಈ ಮುಖವು ಕಾಣದೆ ಹೋಗುತ್ತದೆ. ಪಂಗಡಗಳ ಗೋಡೆಯ ಆಚೆ ನಡೆದುದನ್ನು ಸಹಾನುಭೂತಿಯಿಂದ ನೋಡಲಾರದುದು ದಿನಚರಿಯ ಮಿತಿ.

ಪೆಕಮ್ ದಂಪತಿಗಳ ಸಂಗ್ರಹವು ಈ ಎರಡಕ್ಕಿಂತ ಸಮರ್ಪಕವಾದ ರೂಪವನ್ನು ಆರಿಸಿಕೊಂಡಿದೆ. ಮೇರಿ ಪೆಕಮ್ ಅವರು ಆ ದ್ವೀಪದವರೇ. ಆ ಉಜ್ಜೀವನದಲ್ಲಿಯೇ ಅವರ ಮಾನಸಾಂತರವಾಯಿತು. ಅನೇಕರ ಸಾಕ್ಷ್ಯಗಳನ್ನು ಒಟ್ಟಿಗೆ ಇರಿಸಿದುದರಿಂದ ಒಂದೇ ಘಟನೆಯು ಬೇರೆಬೇರೆ ಬಾಯಿಗಳಲ್ಲಿ ಮರಳಿ ಬರುತ್ತದೆ. ಪುನರುಕ್ತಿಯೆಂದು ತೋರುವುದೇ ಇಲ್ಲಿ ಗುಣ, ಏಕೆಂದರೆ ಕೀರ್ತನಗಾನದ ರಚನೆಯೂ ಹೀಗೆಯೇ ಇದೆ. ಆದರೂ ಇಲ್ಲಿ ಮುಖ್ಯವಾಗಿ ಮಾತನಾಡುವವರು ಒಳಗೆ ಬಂದವರು. ಹೊಸ್ತಿಲಲ್ಲಿ ನಿಂತವರ, ಹಿಂದಿರುಗಿ ಹೋದವರ ಪಾಡನ್ನು ತಿಳಿಯಲು ಬೇರೆಡೆಗೆ ಹೋಗಬೇಕು. ಲೂಯಿಸಿನಲ್ಲಿ ಬೆಳೆದ ಕವಿ ಅಯನ್ ಕ್ರೈಟನ್ ಸ್ಮಿತ್ ಅವರ ‘ಕನ್ಸಿಡರ್ ದಿ ಲಿಲೀಸ್’ ಎಂಬ 1968ರ ಕಾದಂಬರಿಯು ಅಂಥದೊಂದು ಎಡೆ. ಹತ್ತೊಂಬತ್ತನೆಯ ಶತಮಾನದ ಒಕ್ಕಲೆಬ್ಬಿಸುವಿಕೆಯ ಕಾಲದಲ್ಲಿ, ಬಾಳೆಲ್ಲ ಭಕ್ತಿಯಿಂದ ಕಳೆದ ಒಬ್ಬ ಮುದುಕಿಯು ನೆರವು ಬೇಡಿ ಹೋದಾಗ ಸಭಾಪಾಲಕನು ಅವಳನ್ನು ಕೈಬಿಡುತ್ತಾನೆ. ನಾಸ್ತಿಕನೆಂದು ಹೆಸರಾದ ನೆರೆಯವನು ಆದರಿಸುತ್ತಾನೆ. ಬಾರ್ವಸಿನ ಅಕ್ಕತಂಗಿಯರ ಚಿತ್ರದ ಪಕ್ಕದಲ್ಲಿ ಈ ಮುದುಕಿಯನ್ನು ನಿಲ್ಲಿಸಿದಾಗಲೇ ಗೇಲಿಕ್ ನಾಡಿನ ಭಕ್ತಿಯ ತೂಕವು ಸರಿಯಾಗಿ ತಿಳಿಯುತ್ತದೆ. ಒಂದೇ ಶಿಸ್ತು ಒಬ್ಬರಿಗೆ ಆಸರೆಯೂ ಇನ್ನೊಬ್ಬರಿಗೆ ಬಂಧನವೂ ಆಗಬಲ್ಲುದು.

ಈ ವಿವೇಚನೆಯು ಕೇವಲ ಅಲಂಕಾರಶಾಸ್ತ್ರದ ವಿನೋದವಲ್ಲ. ಕ್ಯಾಂಬೆಲ್ ಅವರು 1972ರಲ್ಲಿ ತೀರಿಕೊಂಡರು. ಅವರ ಪ್ರಸಂಗಗಳ ಧ್ವನಿಮುದ್ರಣಗಳು ಲೋಕದ ಹಲವು ಕಡೆಗಳಲ್ಲಿ ಇಂದಿಗೂ ಕೇಳಲ್ಪಡುತ್ತಿವೆ. ಇತ್ತ, ಕೀರ್ತನೆಗಳನ್ನಲ್ಲದೆ ಹಾಡದಿದ್ದ ಫ್ರೀ ಚರ್ಚ್ 2010ರಲ್ಲಿ ಇತರ ಗೀತಗಳಿಗೂ ವಾದ್ಯಗಳಿಗೂ ಅನುಮತಿಯನ್ನಿತ್ತಿತು. 2022ರ ಜನಗಣತಿಯ ಪ್ರಕಾರ ಹೊರ ಹೆಬ್ರಿಡೀಸಿನಲ್ಲಿಯೇ ಗೇಲಿಕ್ ಮಾತನಾಡುವವರು ಅರ್ಧಕ್ಕಿಂತ ಕಡಮೆಯಾಗಿದ್ದಾರೆ. ಸಂಚಾರಿಯ ಕಥೆ ಹಬ್ಬುತ್ತಿರುವಾಗ ಸ್ಥಾಯಿಯ ಭಾಷೆ ಕ್ಷೀಣಿಸುತ್ತಿದೆ. ಕಥೆಯನ್ನು ಕೇಳಿ ಅಂಥ ರಾತ್ರಿಗಾಗಿ ಹಂಬಲಿಸುವವರು, ಆ ರಾತ್ರಿಯ ಹಿಂದೆ ನೂರೈವತ್ತು ವರ್ಷಗಳ ಬೆಳಗು ಬೈಗುಗಳ ಪಾರಾಯಣವಿತ್ತೆಂಬುದನ್ನು ಅದರಿಂದ ತಿಳಿಯಲಾರರು. ಆದುದರಿಂದ ಉಜ್ಜೀವನ ಸಾಹಿತ್ಯವನ್ನು ಬೋಧಿಸುವವರು 1954ರ ಕಥನವನ್ನು ಒಂಟಿಯಾಗಿ ಓದಿಸದೆ, ದಿನಚರಿ, ಸಾಕ್ಷ್ಯಸಂಗ್ರಹ, ಕಾದಂಬರಿಗಳನ್ನು ಅದರ ಜೊತೆಗಿಡುವುದು ಯುಕ್ತ. ಸಾಧ್ಯವಾದರೆ ಅದಕ್ಕೂ ಮೊದಲು ಒಂದು ಗೇಲಿಕ್ ಕೀರ್ತನೆಯ ಧ್ವನಿಮುದ್ರಣವನ್ನು ವಿದ್ಯಾರ್ಥಿಗಳಿಗೆ ಕೇಳಿಸುವುದು ಇನ್ನೂ ಯುಕ್ತ.