ರೊಟ್ಟಿ ಹಬ್ಬದ ಕೊಡುಕೊಳ್ಳುವಿಕೆ

ಶ್ರಾವಣದಲ್ಲಿ ನಾಗಚೌತಿಯ ಹಿಂದಿನ ದಿನ ಧಾರವಾಡ ಸೀಮೆಗೆ ರೊಟ್ಟಿ ಹಬ್ಬ. ಮನೆಯಲ್ಲಿ ಮಾಡಿದ ರೊಟ್ಟಿ, ಪಲ್ಯ, ಹಿಂಡಿಗಳನ್ನು ಓಣಿಯ ಮನೆಗಳಿಗೆ ಬೀರುವುದೇ ಇದರ ತಿರುಳು.

ಹಬ್ಬದ ಜೀವ ಖಡಕ್ ರೊಟ್ಟಿ. ಜೋಳದ ಹಿಟ್ಟಿಗೆ ಗೋಧಿಯಂತೆ ಅಂಟು ಇಲ್ಲ. ಅದಕ್ಕೇ ಕುದಿಯುವ ಎಸರು ಹಾಕಿ, ಬಿಸಿ ಇರುವಾಗಲೇ ಚೆನ್ನಾಗಿ ನಾದಬೇಕು. ಅಂಗೈಯಿಂದ ಬಡಿಯುತ್ತಾ ತಿರುಗಿಸಿದಂತೆ ಉಂಡೆ ಅಗಲವಾಗುತ್ತದೆ, ಅಂಚು ಒಡೆಯದಂತೆ ಬೆರಳು ಕಾಯುತ್ತಿರುತ್ತದೆ. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ಮೇಲ್ಮೈಗೆ ನೀರು ಸವರಿ, ಅದು ಆರುವಷ್ಟರಲ್ಲಿ ಮಗುಚುತ್ತಾರೆ. ಬೆಂದದ್ದನ್ನು ಸಣ್ಣ ಉರಿಯಲ್ಲಿ ತೇವವೆಲ್ಲ ಹೋಗುವವರೆಗೆ ಒಣಗಿಸಿದರೆ ಖಡಕ್ ಆಗಿ ಎಷ್ಟೋ ದಿನ ಕೆಡುವುದಿಲ್ಲ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯೂ ಜೊತೆಗಿರುತ್ತದೆ. ಬಡಿಯುವ ಕೈಗಳ ಈ ಹದಕ್ಕೆ ಯಂತ್ರದ ರೊಟ್ಟಿ ಸಾಟಿಯಲ್ಲ.

ರೊಟ್ಟಿಯ ಮೇಲೆ ಬದನೆಕಾಯಿ ಎಣ್ಣೆಗಾಯಿ, ಮಡಿಕಿಕಾಳಿನ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು. ಹೆಸರು ಒಂದೇ ಆದರೂ ರುಚಿ ಮನೆಗೊಂದು: ಒಬ್ಬರ ಎಣ್ಣೆಗಾಯಿಯಲ್ಲಿ ಶೇಂಗಾ ಮುಂದಾದರೆ, ಇನ್ನೊಬ್ಬರದರಲ್ಲಿ ಹುಣಸೆ, ಬೆಲ್ಲ. ಈ ವ್ಯತ್ಯಾಸ ತಿಳಿಯುವುದು ರೊಟ್ಟಿ ಬೀರಿದಾಗಲೇ. ಕೊಟ್ಟ ಮನೆಗೆ ತಾಟು ಬರಿದಾಗಿ ಮರಳುವುದಿಲ್ಲ. ತಮ್ಮ ಮನೆಯ ರೊಟ್ಟಿ, ಪಲ್ಯ ಇಟ್ಟೇ ಕಳಿಸುತ್ತಾರೆ. ಹೀಗೆ ಸಂಜೆಯ ಊಟಕ್ಕೆ ಹಲವು ಅಡುಗೆಮನೆಗಳ ಕೈರುಚಿ ಒಂದೇ ತಾಟಿಗೆ ಬಂದು ಕೂಡುತ್ತದೆ. ನಾಗಪಂಚಮಿಯಂದು ಹಂಚು ಇಡದ ಮನೆಗಳಲ್ಲಿ ಈ ರೊಟ್ಟಿಯೇ ಊಟಕ್ಕೆ ಆಗುತ್ತದೆ.