ಪರೇಲಿನಲ್ಲಿ ಒಂದು ಬ್ಯಾಂಡ್ ರಾತ್ರಿ

ಬ್ಯಾಂಡು ಎಂದೊಡನೆ ಮದುವೆಯ ಮೆರವಣಿಗೆಯನ್ನು ನೆನೆಯುವ ತಲೆಮಾರಿನವರು ನಾವು. ಅಂಥ ನಾವು ಕಳೆದ ತಿಂಗಳ ಒಂದು ಶನಿವಾರ, ತರುಣ ಮಿತ್ರರೊಬ್ಬರ ಒತ್ತಾಯಕ್ಕೆ ಮಣಿದು, ಲೋವರ್ ಪರೇಲಿನ ಹಳೆಯ ಗಿರಣಿ ಆವರಣವೊಂದರ ಸಂಗೀತಗೃಹಕ್ಕೆ ಹೋದೆವು. ಮುಂಬಯಿ ಮತ್ತು ಅದರ ಉಪನಗರಗಳ ಮೂರು ಬ್ಯಾಂಡುಗಳು ಅಂದು ಹಾಡುವುದಿತ್ತು. ಇನ್ನೂರು ಜನ ಹಿಡಿಸಬಹುದಾದ ಕೋಣೆಯಲ್ಲಿ ಮುನ್ನೂರು ಮಂದಿ. ಕುರ್ಚಿಯೆಂಬುದಿಲ್ಲ. ಸಂಜೆಯ ಲೋಕಲ್ ಗಾಡಿಯಲ್ಲಿ ನಿಂತು ಪಯಣಿಸಿದ ನಮ್ಮ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬಂತು.

ಮೊದಲು ಬಂದದ್ದು ಡೊಂಬಿವಲಿಯ ನಾಲ್ವರು ಹುಡುಗರ ತಂಡ. ಹಾಡುಗಳು ಇಂಗ್ಲಿಷಿನವು, ಆದರೆ ಎಲ್ಲವೂ ಸ್ವಂತ ರಚನೆ. ಕೈಚಳಕಕ್ಕೆ ಕೊರತೆಯಿಲ್ಲ, ಕೊರತೆಯಿದ್ದುದು ಧ್ವನಿಗಳ ಹೊಂದಾಣಿಕೆಯಲ್ಲಿ. ತಗ್ಗು ಮಾಡಿನ ಕೋಣೆಯಲ್ಲಿ ಡ್ರಮ್ಮು ಮೈಕಿಲ್ಲದೆಯೂ ಕೇಳಿಸುತ್ತದೆ. ಇಲ್ಲಿ ಒಂದೊಂದು ಡ್ರಮ್ಮಿಗೂ ಒಂದೊಂದು ಮೈಕು! ಗೋಡೆಗೆ ಬಡಿದು ಮರಳಿದ ಸದ್ದು ಹೊಸ ಪೆಟ್ಟಿನೊಡನೆ ಕಲಸಿಹೋಗಿ, ಹಾಡುಗಾರನ ಒಂದು ಮಾತೂ ನಮಗೆ ದಕ್ಕಲಿಲ್ಲ. ತನ್ನ ಪದ್ಯವನ್ನು ತಾನೇ ಬರೆದವನಿಗೆ ಇದಕ್ಕಿಂತ ದೊಡ್ಡ ನಷ್ಟವುಂಟೆ?

ಎರಡನೆಯ ತಂಡ ಮರಾಠಿಯಲ್ಲೂ ಹಿಂದಿಯಲ್ಲೂ ಹಾಡಿತು. ಬೇಸ್ ಗಿಟಾರು ನುಡಿಸಿದ ತರುಣಿ ಒಳ್ಳೆಯ ತಬಲಾ ಸಾಥಿಯಂತೆ ಗಾಯಕನಿಗೆ ದಾರಿ ಬಿಟ್ಟುಕೊಟ್ಟಳು. ಎಲ್ಲಿ ಸುಮ್ಮನಿರಬೇಕೆಂಬುದು ಆಕೆಗೆ ಗೊತ್ತು. ರಾತ್ರಿಯ ಕೊನೆಯ ಗಾಡಿಯನ್ನು ಕುರಿತ ಅವರ ಹಾಡು ಅಂದಿನ ಅತ್ಯುತ್ತಮ ಹಾಡೆಂದು ನಮ್ಮ ಅಭಿಪ್ರಾಯ. ಯಾರೋ ಸಿನೆಮಾ ಹಾಡಿಗಾಗಿ ಕೂಗಿದರು. ತಂಡ ನಕ್ಕು ತನ್ನದೇ ಇನ್ನೊಂದು ಹಾಡನ್ನು ಎತ್ತಿಕೊಂಡಿತು. ಶಾಭಾಸ್ ಎಂದೆವು.

ಮೂರನೆಯ ತಂಡದ ಗಾಯಕ ಠಾಣೆಯಲ್ಲಿ ಬೆಳೆದ ಕನ್ನಡದ ಹುಡುಗ. ಆತ ಶಿಶುನಾಳ ಶರೀಫರ (1819-1889) ಒಂದು ತತ್ವಪದ ಹಾಡಿದ. ತತ್ವಪದಕ್ಕೆ ಗಿಟಾರೇ ಎಂದು ಹುಬ್ಬೇರಿಸಬೇಕಾಗಿಲ್ಲ. ಸಿ. ಅಶ್ವಥ್ ಶರೀಫರನ್ನು ಮನೆಮನೆಗೆ ಮುಟ್ಟಿಸಿದರು. ರಘು ದೀಕ್ಷಿತರು 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲೇ ಆ ಪದಗಳಿಗೆ ಗಿಟಾರು ಜೋಡಿಸಿದರು. ನಮ್ಮ ಆಕ್ಷೇಪ ವೇಗದ ಬಗ್ಗೆ. ತತ್ವಪದವೊಂದು ಒಗಟು, ಬಿಡಿಸಿಕೊಳ್ಳಲು ಕೇಳುಗನಿಗೆ ಉಸಿರಾಡುವಷ್ಟು ಸಮಯ ಬೇಕು. ಹುಡುಗ ತಾಳವನ್ನು ಹಿಡಿದ, ಒಗಟನ್ನು ಬಿಟ್ಟ. ‘ಳ’ಕಾರವೆಲ್ಲ ‘ಲ’ಕಾರವಾಯಿತು. ಹೀಗಿದ್ದೂ ಕನ್ನಡ ಬಾರದ ಅಷ್ಟು ಜನ ಪಲ್ಲವಿಯನ್ನು ಒಕ್ಕೊರಲಿನಿಂದ ಹಾಡಿದಾಗ ನಮ್ಮ ಮೈ ಜುಮ್ಮೆಂದುದನ್ನು ಮುಚ್ಚಿಡಲಾರೆವು.

ಹೊರಬರುವಾಗ ಆತ ಬಾಗಿಲಲ್ಲಿ ಸಿಕ್ಕಿ, “ಅಂಕಲ್, ಮಾತು ಕೇಳಿಸ್ತಾ?” ಎಂದು ಕೇಳಿದ. ಪಲ್ಲವಿಯಷ್ಟೇ ಕೇಳಿಸಿತಪ್ಪಾ ಎಂದೆವು. ಆತನ ಮುಖ ಸಣ್ಣಗಾಯಿತು.

ತಪ್ಪು ಆತನೊಬ್ಬನದಲ್ಲ. ಧೋಬಿ ತಲಾವಿನ ರಂಗಭವನವನ್ನು ಹಿರಿಯ ವಾಚಕರು ಬಲ್ಲರು. 1978ರಲ್ಲಿ ಜಾಝ್ ಯಾತ್ರಾ, 1986ರಲ್ಲಿ ಇಂಡಿಪೆಂಡೆನ್ಸ್ ರಾಕ್ ಆರಂಭವಾದದ್ದು ಆ ಬಯಲು ರಂಗಮಂದಿರದಲ್ಲಿಯೇ. ಆಸ್ಪತ್ರೆ, ಶಾಲೆ-ಕಾಲೇಜು, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯವೆಂಬ 2000ದ ನಿಯಮದ ಬಳಿಕ ಅಲ್ಲಿಯ ಗದ್ದಲ ಅಡಗಿತು. ರೋಗಿಗೆ ನಿದ್ದೆ ಬೇಕೆಂಬುದು ನ್ಯಾಯವೇ. ಆದರೆ ಹುಡುಗರಿಗೆ ಬದಲಿ ಜಾಗ ಸಿಗಲಿಲ್ಲ. ಲೋವರ್ ಪರೇಲಿನಲ್ಲೇ 2007ರಲ್ಲಿ ತೆರೆದ ಬ್ಲೂ ಫ್ರಾಗ್ ಕೂಡ 2016ರಲ್ಲಿ ಮುಚ್ಚಿತು. ಉಳಿದಿರುವುದು ಹೆಚ್ಚಾಗಿ ಊಟ-ಪಾನದ ಗೃಹಗಳು. ಅಲ್ಲಿ ಬಾಡಿಗೆ ಹುಟ್ಟುವುದು ಗ್ಲಾಸುಗಳಿಂದ. ಜನ ಮಾತಾಡುತ್ತಾರೆ, ಮಾತನ್ನು ಮೀರಿಸಲು ಬ್ಯಾಂಡು ಸದ್ದು ಏರಿಸುತ್ತದೆ, ಸದ್ದನ್ನು ಮೀರಿಸಲು ಜನ ಕೂಗುತ್ತಾರೆ.

ನಮ್ಮ ಸಂಘದ ಸಭಾಗೃಹದಲ್ಲಿ ಕುರ್ಚಿಗಳಿವೆ, ಕೇಳುವ ಕಿವಿಗಳಿವೆ, ವಾರದ ನಡುವೆ ಖಾಲಿ ಸಂಜೆಗಳೂ ಇವೆ. ತರುಣರು ಸಂಘದತ್ತ ಸುಳಿಯುವುದಿಲ್ಲವೆಂದು ವರ್ಷವರ್ಷವೂ ಮಹಾಸಭೆಯಲ್ಲಿ ಕೊರಗುತ್ತೇವೆ. ತಿಂಗಳಿಗೊಂದು ಸಂಜೆ ಅವರಿಗೆ ಕೊಟ್ಟು ನೋಡಬಾರದೇಕೆ? ಡ್ರಮ್ಮಿಗೆ ಮೈಕು ಬೇಡವೆಂಬುದೊಂದೇ ಷರತ್ತು. ‘ಳ’ಕಾರವನ್ನು ತಿದ್ದುವ ಹಿರಿಯರಿಗೇನೂ ನಮ್ಮಲ್ಲಿ ಬರವಿಲ್ಲ. ಕಾರ್ಯಕಾರಿ ಸಮಿತಿ ಇದನ್ನು ಮುಂದಿನ ಸಭೆಯಲ್ಲಿ ಪರಿಶೀಲಿಸಲಿ. ಠಾಣೆಯ ಆ ಹುಡುಗನಿಗೆ ಕಾಗದ ಬರೆಯುವ ಕೆಲಸ ನಮಗಿರಲಿ.