ಅಂಗವಿಕಲರ ಹಕ್ಕುಗಳೂ ಸರ್ವೋಚ್ಚ ನ್ಯಾಯಾಲಯವೂ: ಒಂದು ವಿಮರ್ಶೆ

ನಮ್ಮ ಸಂವಿಧಾನದ ೧೫ ಮತ್ತು ೧೬ನೆಯ ಅನುಚ್ಛೇದಗಳಲ್ಲಿ, ಯಾವ ಯಾವ ಕಾರಣದಿಂದ ಪ್ರಜೆಗಳ ನಡುವೆ ಭೇದವೆಣಿಸಕೂಡದೆಂಬುದರ ಪಟ್ಟಿಯುಂಟು. ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳ ಇವೆಲ್ಲ ಅಲ್ಲಿವೆ, ಅಂಗವೈಕಲ್ಯದ ಹೆಸರಿಲ್ಲ. ಅದು ಬರುವುದು ೪೧ನೆಯ ಅನುಚ್ಛೇದದಲ್ಲಿ, ನಿರುದ್ಯೋಗ, ಮುಪ್ಪು, ಬೇನೆಗಳ ಪಂಕ್ತಿಯಲ್ಲಿ; ಅದೂ ರಾಜ್ಯವು ತನ್ನ ಆರ್ಥಿಕ ಶಕ್ತಿಯ ಮಿತಿಯೊಳಗೆ ನೆರವು ನೀಡತಕ್ಕದ್ದೆಂಬ ನಿರ್ದೇಶಕ ತತ್ತ್ವದ ರೂಪದಲ್ಲಿ. ಸಂವಿಧಾನಕರ್ತರ ಕಣ್ಣಿಗೆ ಅಂಗವಿಕಲರು ನೆರವಿಗೆ ಪಾತ್ರರಾಗಿ ಕಂಡರು, ಹಕ್ಕುದಾರರಾಗಿ ಕಾಣಲಿಲ್ಲ. ಈ ಕೊರತೆಯನ್ನು ತುಂಬಲು ೧೯೯೫ರಲ್ಲಿ ಒಂದು ಕಾಯದೆಯೂ, ಅದರ ಸ್ಥಾನದಲ್ಲಿ ೨೦೧೬ರಲ್ಲಿ ಇನ್ನೊಂದು ಕಾಯದೆಯೂ ಬಂದುವು. ಆದರೆ ಆ ಕಾಯದೆಗಳ ಅಕ್ಷರಕ್ಕೆ ಜೀವ ಬಂದುದೂ, ಒಂದೆರಡು ಸಲ ಜೀವ ಹೋದುದೂ ನ್ಯಾಯಾಲಯದಲ್ಲಿ. ಆ ತೀರ್ಪುಗಳನ್ನು ವಕೀಲನ ಕಣ್ಣಿನಿಂದಲ್ಲದೆ, ಒಂದು ಗ್ರಂಥವನ್ನು ಓದುವವನ ಕಣ್ಣಿನಿಂದ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ನೋಡತಕ್ಕದ್ದು ‘ಗುರುತಿಸಿದ ಹುದ್ದೆ’ ಎಂಬ ಎರಡು ಶಬ್ದಗಳ ಕಥೆ. ಅಂಗವಿಕಲರಿಗೆ ಮೀಸಲಿಡಬಹುದಾದ ಹುದ್ದೆಗಳನ್ನು ಸರಕಾರ ಗುರುತಿಸಬೇಕೆಂದು ೧೯೯೫ರ ಕಾಯದೆಯ ೩೨ನೆಯ ಕಲಮು ಹೇಳಿತು. ನೂರಕ್ಕೆ ಮೂರಕ್ಕಿಂತ ಕಡಿಮೆಯಿಲ್ಲದಷ್ಟು ಹುದ್ದೆಗಳನ್ನು ಮೀಸಲಿಡಬೇಕೆಂದು ೩೩ನೆಯ ಕಲಮು ಹೇಳಿತು. ಸರಕಾರ ಇದಕ್ಕೆ ಮಾಡಿದ ಅರ್ಥ ವಿಚಿತ್ರವಾದುದು: ಗುರುತಿಸುವ ತನಕ ಮೀಸಲಿಲ್ಲ; ಗುರುತಿಸಿದ ಮೇಲೂ, ಗುರುತಿಸಿದಷ್ಟರಲ್ಲಿ ಮಾತ್ರ ನೂರಕ್ಕೆ ಮೂರು. ಊಟಕ್ಕೆ ಕರೆದವನು ತಾನೇ ಎಲೆ ಹಾಕದೆ, ಎಲೆಯಿಲ್ಲದವನಿಗೆ ಬಡಿಸುವುದು ಹೇಗೆಂದು ಕೇಳಿದಂತಾಯಿತು. ದೃಷ್ಟಿಹೀನರಾದ ರವಿ ಪ್ರಕಾಶ ಗುಪ್ತರ ಮೊಕದ್ದಮೆಯಲ್ಲಿ ೨೦೧೦ರಲ್ಲಿ ನ್ಯಾಯಾಲಯವು ಈ ವಾದದ ಮೊದಲ ಭಾಗವನ್ನು ತಳ್ಳಿಹಾಕಿತು: ತನ್ನ ಕರ್ತವ್ಯದಲ್ಲಿ ತಡಮಾಡಿದವರು ಆ ತಡವನ್ನೇ ತಮ್ಮ ಸಮರ್ಥನೆಯನ್ನಾಗಿ ಮಾಡಿಕೊಳ್ಳಲಾಗದು. ಅಂಧರ ರಾಷ್ಟ್ರೀಯ ಒಕ್ಕೂಟದ ಮೊಕದ್ದಮೆಯಲ್ಲಿ ೨೦೧೩ರ ಅಕ್ಟೋಬರ ೮ರಂದು ಎರಡನೆಯ ಭಾಗವೂ ಬಿದ್ದಿತು. ಲೆಕ್ಕ ಹಾಕಬೇಕಾದುದು ಗುರುತಿಸಿದ ಹುದ್ದೆಗಳ ಮೇಲಲ್ಲ, ಆಯಾ ಶ್ರೇಣಿಯ ಒಟ್ಟು ಖಾಲಿ ಹುದ್ದೆಗಳ ಮೇಲೆ ಎಂದು ತೀರ್ಪಾಯಿತು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ೨೦೧೬ರ ಕಾಯದೆಯ ೩೪ನೆಯ ಕಲಮು ಮೀಸಲನ್ನು ನೂರಕ್ಕೆ ನಾಲ್ಕಕ್ಕೆ ಏರಿಸಿದಾಗ, ಶ್ರೇಣಿಯ ಒಟ್ಟು ಖಾಲಿ ಹುದ್ದೆಗಳೆಂಬ ಆ ಲೆಕ್ಕವನ್ನೇ ತನ್ನ ವಾಕ್ಯದೊಳಗೆ ಸೇರಿಸಿಕೊಂಡಿತು. ತೀರ್ಪಿನ ಮಾತು ಶಾಸನದ ಮಾತಾಯಿತು. ನ್ಯಾಯಾಲಯವು ಕಾಯದೆಯನ್ನು ರೂಪಿಸಿತೆಂದು ಸಾಮಾನ್ಯವಾಗಿ ಹೇಳುವಾಗ ನಾವು ಉತ್ಪ್ರೇಕ್ಷೆ ಮಾಡುತ್ತೇವೆ. ಇಲ್ಲಿ ಅದು ಅಕ್ಷರಶಃ ಸತ್ಯ. ಬಡ್ತಿಯಲ್ಲಿಯೂ ಅಂಗವಿಕಲರಿಗೆ ಮೀಸಲು ಸಲ್ಲಬೇಕೆಂಬ ೨೦೧೬ರ ನಿರ್ಣಯವನ್ನು ಮೂವರು ನ್ಯಾಯಮೂರ್ತಿಗಳ ಪೀಠವು ೨೦೨೦ರಲ್ಲಿ ಎತ್ತಿಹಿಡಿದುದು ಸಿದ್ದರಾಜು ವಿರುದ್ಧ ಕರ್ನಾಟಕ ರಾಜ್ಯ ಎಂಬ ಮೊಕದ್ದಮೆಯಲ್ಲಿ. ಕನ್ನಡನಾಡಿನ ಹೆಸರು ಈ ಚರಿತ್ರೆಯಲ್ಲಿ ಪ್ರತಿವಾದಿಯ ಸ್ಥಾನದಲ್ಲಿ ಬಂದಿರುವುದನ್ನು ಹೇಳದೆ ಬಿಡುವಂತಿಲ್ಲ.

ಆದರೆ ಹುದ್ದೆಗಳ ಲೆಕ್ಕ ಸರಿಹೋಯಿತೆಂದ ಮಾತ್ರಕ್ಕೆ ಮನುಷ್ಯನ ಲೆಕ್ಕ ಸರಿಹೋಗಲಿಲ್ಲ. ನಮ್ಮ ಮತದಲ್ಲಿ ಈ ಶಾಸ್ತ್ರದ ನಿಜವಾದ ತೊಡಕು ಇರುವುದು ಇನ್ನೊಂದು ಅಂಕಿಯಲ್ಲಿ: ನೂರಕ್ಕೆ ನಾಲ್ವತ್ತು. ವೈದ್ಯರು ದೇಹವನ್ನು ಅಳೆದು, ಕೊರತೆ ನಾಲ್ವತ್ತು ಅಂಶ ಮುಟ್ಟಿದೆಯೆಂದು ಬರೆದುಕೊಟ್ಟರೆ ಮೀಸಲಿನ ಬಾಗಿಲು ತೆರೆಯುತ್ತದೆ. ಈ ಅಳತೆಗೋಲಿನ ವೈಪರೀತ್ಯ ಸುರೇಂದ್ರ ಮೋಹನ ವಿರುದ್ಧ ತಮಿಳುನಾಡು ರಾಜ್ಯ ಎಂಬ ೨೦೧೯ರ ತೀರ್ಪಿನಲ್ಲಿ ಕಾಣುವಷ್ಟು ನಿಚ್ಚಳವಾಗಿ ಬೇರೆಲ್ಲಿಯೂ ಕಾಣದು. ಸಿವಿಲ್ ನ್ಯಾಯಾಧೀಶರ ಹುದ್ದೆಗಳಿಗೆ ೨೦೧೪ರಲ್ಲಿ ಅರ್ಜಿ ಕರೆದಾಗ, ದೃಷ್ಟಿಯ ಕೊರತೆ ನಾಲ್ವತ್ತರಿಂದ ಐವತ್ತು ಅಂಶದೊಳಗೆ ಇದ್ದವರಿಗೆ ಮಾತ್ರ ಮೀಸಲು ಎಂದು ಷರತ್ತು ಹಾಕಲಾಗಿತ್ತು. ನಾಲ್ವತ್ತಕ್ಕಿಂತ ಕೆಳಗಿನವನು ಸಾಕಷ್ಟು ಅಂಗವಿಕಲನಲ್ಲ. ಐವತ್ತಕ್ಕಿಂತ ಮೇಲಿನವನು ಸಾಕಷ್ಟು ಸಮರ್ಥನಲ್ಲ. ನಡುವೆ ಉಳಿದ ಹತ್ತು ಅಂಶದ ಓಣಿಯಲ್ಲಿ ನಡೆಯಬಲ್ಲವನಿಗೆ ಮಾತ್ರ ಶಾಸನದ ಕೃಪೆ. ನ್ಯಾಯಾಧೀಶನಾದವನಿಗೆ ಕಣ್ಣು, ಕಿವಿ, ಮಾತುಗಳು ಒಂದು ಮಿತಿಯವರೆಗಾದರೂ ಇರಬೇಕೆಂದು ಹೇಳಿ ಸರ್ವೋಚ್ಚ ನ್ಯಾಯಾಲಯ ಈ ಷರತ್ತನ್ನು ಒಪ್ಪಿತು.

ತೀರ್ಪಿತ್ತವರ ಪಕ್ಷದಲ್ಲಿ ಹೇಳಬೇಕಾದುದೂ ಉಂಟು. ನೇಮಕದ ಪ್ರಕಟಣೆ ಹೊರಟುದು ೧೯೯೫ರ ಕಾಯದೆಯ ಕಾಲದಲ್ಲಿ. ಅಂಗವಿಕಲರಿಗೆ ಬೇಕಾದ ಅನುಕೂಲವನ್ನು ಒದಗಿಸಿಕೊಡುವುದು ಕರ್ತವ್ಯವೆಂಬ ತತ್ತ್ವ ಶಾಸನದಲ್ಲಿ ಸ್ಪಷ್ಟವಾಗಿ ಬಂದುದು ೨೦೧೬ರಲ್ಲಿ. ಆದರೂ ಆ ತತ್ತ್ವವನ್ನೊಳಗೊಂಡ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತವು ೨೦೦೭ರಲ್ಲಿಯೇ ಅನುಮೋದಿಸಿತ್ತು. ಕಡತವನ್ನು ಓದಿ ಹೇಳುವವನೊಬ್ಬನಿದ್ದರೆ, ಓದುವ ಯಂತ್ರವಿದ್ದರೆ, ಈ ಮನುಷ್ಯ ನ್ಯಾಯ ಹೇಳಬಲ್ಲನೆ ಎಂಬ ಪ್ರಶ್ನೆಯನ್ನು ಆ ತೀರ್ಪು ಕೇಳಲೇ ಇಲ್ಲ.

ಆ ಪ್ರಶ್ನೆಯನ್ನು ಕೇಳಿದುದು ವಿಕಾಸ ಕುಮಾರ ವಿರುದ್ಧ ಕೇಂದ್ರ ಲೋಕಸೇವಾ ಆಯೋಗ ಎಂಬ ಮೊಕದ್ದಮೆಯಲ್ಲಿ ೨೦೨೧ರ ಫೆಬ್ರವರಿ ೧೧ರಂದು ಹೊರಬಂದ ತೀರ್ಪು. ಅರ್ಜಿದಾರರಿಗೆ ಬರೆಯಲು ಹೊರಟರೆ ಕೈ ಸೆಟೆದುಕೊಳ್ಳುವ ನರದೋಷ. ನಾಗರಿಕ ಸೇವೆಯ ಪರೀಕ್ಷೆಗೆ, ಹೇಳಿದುದನ್ನು ಬರೆದುಕೊಡುವ ಒಬ್ಬ ಲಿಪಿಕಾರನನ್ನು ಕೇಳಿದರು. ನಾಲ್ವತ್ತು ಅಂಶದ ಗೆರೆ ಮುಟ್ಟದವರಿಗೆ ಕೊಡಲಾಗದೆಂದು ಆಯೋಗ ಹೇಳಿತು. ನ್ಯಾಯಮೂರ್ತಿ ಚಂದ್ರಚೂಡರು ಬರೆದ ತೀರ್ಪಿನ ಸಾರವಿಷ್ಟು: ನಾಲ್ವತ್ತು ಅಂಶದ ಗೆರೆ ಮೀಸಲು ಮೊದಲಾದ ಕೆಲವು ಸವಲತ್ತುಗಳಿಗೆ ಮಾತ್ರ, ಅನುಕೂಲ ಪಡೆಯುವ ಹಕ್ಕು ಎಲ್ಲ ಅಂಗವಿಕಲರಿಗೂ ಸೇರಿದ್ದು. ಲಿಪಿಕಾರನ ನೆಪದಲ್ಲಿ ಮೋಸ ನಡೆದೀತೆಂಬ ಶಂಕೆಗೂ ಅದು ಮಣಿಯಲಿಲ್ಲ. ಸುರೇಂದ್ರ ಮೋಹನ ತೀರ್ಪು ಹೊಸ ಕಾಯದೆಯ ತರುವಾಯ ಬಂಧಕವಲ್ಲವೆಂದೂ ಹೇಳಿತು. ಒಂದು ಪೀಠವು ಇನ್ನೊಂದರ ಕುರಿತು ಇಷ್ಟು ನೇರವಾಗಿ ನುಡಿಯುವುದು ವಿರಳ. ಪ್ರಶ್ನೆಯೇ ತಿರುಗಿತು: ಈ ದೇಹದಲ್ಲಿ ಎಷ್ಟು ಕೊರತೆಯಿದೆ ಎಂಬುದರ ಬದಲು, ಈ ಪರೀಕ್ಷೆಯ ಕೊಠಡಿಯಲ್ಲಿ ಏನು ಕೊರತೆಯಿದೆ ಎಂಬುದು. ಮಗನೊಬ್ಬನ ಪರವಾಗಿ ತಾಯಿ ಬರೆದ ಪತ್ರದಿಂದ ಮೊದಲಾದ ಮೊಕದ್ದಮೆಯಲ್ಲಿ, ದೃಷ್ಟಿಹೀನರನ್ನು ನ್ಯಾಯಾಂಗ ಸೇವೆಯಿಂದ ಹೊರಗಿಟ್ಟಿದ್ದ ಮಧ್ಯಪ್ರದೇಶದ ನಿಯಮ ೨೦೨೫ರ ಮಾರ್ಚ್ ೩ರಂದು ಬಿದ್ದುದು ಇದೇ ದಾರಿಯ ಮುಂದಿನ ಹೆಜ್ಜೆ.

ಈ ತತ್ತ್ವವನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? ‘ಸೌಕರ್ಯ’ವೆಂದರೆ ಉಪಚಾರದ ವಾಸನೆ ಬರುತ್ತದೆ, ‘ಹೊಂದಾಣಿಕೆ’ಯೆಂದರೆ ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡುವ ವ್ಯವಹಾರ. ‘ಅನುವು ಮಾಡಿಕೊಡುವುದು’ ಎಂಬ ನಮ್ಮ ಆಡುಮಾತು ಎರಡಕ್ಕಿಂತಲೂ ಹತ್ತಿರದ್ದು. ಶಬ್ದದ ಮಾತು ಬಂದುದರಿಂದ ಇನ್ನೊಂದು: ಕರ್ನಾಟಕದ ಇಲಾಖೆಯ ಹೆಸರಿನಲ್ಲಿಯೇ ಇರುವ ‘ವಿಕಲಚೇತನ’ವೆಂಬ ಪದ ಗೌರವಕ್ಕಾಗಿ ಹುಟ್ಟಿದ್ದು. ಆದರೆ ಅದು ಕುಂದನ್ನು ಅಂಗದಿಂದ ತೆಗೆದು ಚೇತನಕ್ಕೇ ಹಚ್ಚುತ್ತದೆ. ಆ ಕಾರಣದಿಂದ ಈ ಲೇಖನದಲ್ಲಿ ಹಳೆಯ ಪದವನ್ನೇ ಇಟ್ಟುಕೊಂಡಿದ್ದೇವೆ.

ತೀರ್ಪಿನ ವಾಕ್ಯ ಎಷ್ಟೇ ಉದಾರವಾಗಿರಲಿ, ಅದನ್ನು ಜಾರಿಗೆ ತರುವ ಕೈ ಕಚೇರಿಯದು. ವಿಕಾಸ ಕುಮಾರ ತೀರ್ಪಿನಂತೆ ಲಿಪಿಕಾರರ ವಿಷಯದ ಮಾರ್ಗಸೂಚಿಗಳನ್ನು ಮೂರು ತಿಂಗಳಲ್ಲಿ ರಚಿಸಬೇಕಾಗಿತ್ತು. ಅವು ಹೊರಬಿದ್ದುದು ೨೦೨೨ರ ಆಗಸ್ಟ್ ೧೦ರಂದು. ೨೦೨೫ರ ಫೆಬ್ರವರಿಯಲ್ಲಿ, ಬರೆಯುವಾಗ ಕೈ ಸೆಟೆದುಕೊಳ್ಳುವ ಅಂಥದೇ ದೋಷವುಳ್ಳ ಇನ್ನೊಬ್ಬ ಅಭ್ಯರ್ಥಿ, ಈ ಸಲ ಬ್ಯಾಂಕಿನ ಪರೀಕ್ಷೆಗೆ ಲಿಪಿಕಾರನನ್ನು ಬೇಡಿ ಅದೇ ನ್ಯಾಯಾಲಯದ ಮೆಟ್ಟಿಲೇರಿದ ಮೊಕದ್ದಮೆ ತೀರ್ಮಾನವಾಯಿತು. ನಾಲ್ಕು ವರ್ಷಗಳ ಹಿಂದೆ ಹೇಳಿದ ಮಾತನ್ನೇ ನ್ಯಾಯಾಲಯ ಮತ್ತೊಮ್ಮೆ ಹೇಳಿ, ಆ ಮಾರ್ಗಸೂಚಿಗಳನ್ನು ಎರಡು ತಿಂಗಳಲ್ಲಿ ತಿದ್ದಬೇಕೆಂದು ಆಜ್ಞೆ ಮಾಡಿತು.